ಒಗ್ಗರಣೆ ಇಲ್ಲದ ಕೋಸಂಬರಿ

ಮೊನ್ನೆ ನಂಜನಗೂಡಿನಲ್ಲಿ ಅಕ್ಕನ ಅಡುಗೆಮನೆಗೆ ಕಾಲಿಟ್ಟಾಗ ಒಂದು ವಾಸನೆ ಬಂದು ಮೂಗಿಗೆ ಬಡಿಯಿತು. ನೆನೆಸಿ ಬಸಿದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ತುರಿದ ಮಾವಿನಕಾಯಿ, ಆಗ ತಾನೇ ಹಿಂಡಿದ ನಿಂಬೆಹಣ್ಣು. ಇಂಗಿಲ್ಲ, ಸಾಸಿವೆಯಿಲ್ಲ. ಹಸಿಹಸಿಯಾದ, ತಣ್ಣಗಿನ ವಾಸನೆ. ಅಕ್ಕ ಒಲೆಯ ಮೇಲೆ ಒಗ್ಗರಣೆ ಸೌಟಿಟ್ಟು ಎಣ್ಣೆ ಕಾಯಲೆಂದು ನಿಂತಿದ್ದಳು.

"ತಡಿಯಕ್ಕ, ಒಗ್ಗರಣೆ ಹಾಕ್ಬೇಡ," ಅಂದೆ.

"ಯಾಕ್ಲಾ? ನಿಂಗೇನ್ ಬಂತು?"

ಏನು ಬಂತು ಅಂತ ಹೇಳಲಿ... ಹದಿನೈದು ವರ್ಷದ ಹಿಂದಿನ ಒಂದು ಏಪ್ರಿಲ್ ತಿಂಗಳು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿತ್ತು.

ಅಕ್ಕನ ಮಗನಿಗೆ ಬರುವ ಭಾನುವಾರ ಐದು ತುಂಬುತ್ತದೆ. ಬಿಸಿಲು ನೋಡಿದರೆ ಕಪಿಲೆಯೇ ಕುದಿಯುವ ಹಾಗಿದೆ. ಮಕ್ಕಳಿಗೆ ಏನು ಮಾಡಿ ಹಾಕುವುದು ಅಂತ ಅಕ್ಕ ನನ್ನನ್ನು ಕರೆಸಿದ್ದಳು. ನಾನು ಅಡುಗೆಯವನಲ್ಲ. ಬರ್ತ್‌ಡೇ, ನಾಮಕರಣ, ಗೃಹಪ್ರವೇಶಗಳಲ್ಲಿ ಮೈಕ್ ಹಿಡಿದು ಊರವರ ದನಿಯನ್ನೆಲ್ಲ ಅಣಕಿಸುವವನು. "ವಾರಕ್ಕೆ ಎರಡು ಬರ್ತ್‌ಡೇಲಿ ಪ್ಲೇಟ್ ನೆಕ್ತೀಯ, ಸಿಂಪಲ್ಲಾಗಿ ಏನ್ ಮಾಡ್ಬೋದು ಅಂತ ನೀನೇ ಹೇಳು," ಅಂದಿದ್ದಳು. ನನಗೆ ತಿಳಿದ ಮಟ್ಟಿಗೆ ಮಕ್ಕಳು ಪಾರ್ಟಿಗಳಲ್ಲಿ ತಿನ್ನುವುದು ಬಲೂನಿನ ಬಾಯಿಯನ್ನು ಮಾತ್ರ. ಆದರೂ ಗಂಭೀರವಾಗಿ ತಲೆಯಾಡಿಸಿದ್ದೆ. ಗಂಭೀರ ಮುಖವೂ ನನ್ನ ಐಟಂಗಳಲ್ಲಿ ಒಂದು.

ಬಿಸಿಲಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಏನು ಮಾಡಬೇಕೆಂದು ನಿಜವಾಗಿ ಕೂತು ಯೋಚಿಸಿದವರನ್ನು ನಾನು ನೋಡಿರುವುದು ಒಬ್ಬರನ್ನೇ. ಅವರು ನಮ್ಮ ಮಿಸ್ಸು.

ನಮ್ಮೂರು ಟಿ. ನರಸೀಪುರ ದಾಟಿ ಮೂಗೂರಿನ ಕಡೆ ಹೋಗುವಾಗ ಎಡಕ್ಕೆ ಸಿಗುತ್ತದೆ. ಮಿಸ್ಸು ದಿನಾ ನಂಜನಗೂಡಿನಿಂದ ಎರಡು ಬಸ್ಸು ಬದಲಾಯಿಸಿ ನಮ್ಮೂರ ಸರ್ಕಾರಿ ಶಾಲೆಗೆ ಬರುತ್ತಿದ್ದರು. ನಾನು ಐದನೇ ಕ್ಲಾಸು. ಹೆಡ್ ಮಾಸ್ಟರ ಕೆಮ್ಮು, ಬಸ್ಸಿನ ಹಾರನ್ನು, ಡೇರಿಯವನ ಮೂಗಿನ ಮಾತು, ನಮ್ಮಜ್ಜಿ ಎಲೆಅಡಿಕೆ ಉಗಿಯುವ ಸದ್ದು, ಎಲ್ಲ ನನ್ನ ಗಂಟಲಲ್ಲಿದ್ದವು. ಮಿಸ್ಸಿನ ದನಿ ಮಾತ್ರ ಬರುತ್ತಿರಲಿಲ್ಲ. ಜೋರಿಲ್ಲ, ಮೆತ್ತಗಿಲ್ಲ, ಹಿಡಿದು ಎಳೆಯಲು ಒಂದು ಕೊಕ್ಕೆಯೂ ಇಲ್ಲದ ದನಿ. "ಎಲ್ರದ್ದೂ ಮಾಡ್ತೀಯ, ನನ್ ಥರ ಮಾತಾಡೋ ನೋಡೋಣ," ಅಂತ ಅವರೇ ಎಷ್ಟೋ ಸಲ ಕೆಣಕಿದ್ದರು. ನಾನು ಹಲ್ಲು ಕಿರಿದು ನಿಲ್ಲುತ್ತಿದ್ದೆ.

ನನ್ನ ಗಂಟಲಲ್ಲಿದ್ದ ದನಿಗಳ ಪೈಕಿ ರಾಜ ಅಂದರೆ ಸಾರುವಜ್ಜನದು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅಮ್ಮನ ಹಬ್ಬಕ್ಕೆ ಒಂದು ವಾರ ಮುಂಚೆ ಅಜ್ಜ ತಮಟೆ ಹೊಡೆದು ಬೀದಿ ಬೀದಿಯಲ್ಲಿ ಸಾರುತ್ತಿದ್ದ. "ಕೇಳ್ರಪ್ಪೋ ಕೇಳಿ... ಬರಾ ಮಂಗ್ಳಾರ ಅಮ್ಮನ್ ಅಬ್ಬ... ಇವತ್ನಿಂದ ಒಗ್ಗರಣೆ ಆಕಂಗಿಲ್ಲ, ಎಣ್ಣೇಲಿ ಕರಿಯಂಗಿಲ್ಲ, ರೊಟ್ಟಿ ಸುಡಂಗಿಲ್ಲ... ಊರಲ್ ಉಂಡೋರು ಊರ್ ಬುಟ್ಟು ಮಲಗಂಗಿಲ್ಲಾ..." ಕೊನೆಯ 'ಇಲ್ಲಾ' ಕೆರೆ ಏರಿಯವರೆಗೂ ಹೋಗಿ ಬರುತ್ತಿತ್ತು.

ಅಲ್ಲಿಂದ ಹಬ್ಬ ಮುಗಿಯುವವರೆಗೆ ಊರು ಒಂದು ಮುಚ್ಚಿದ ಡಬ್ಬಿ. ಹಗಲು ಹೊಲ, ಗದ್ದೆ, ಸಂತೆ ಎಲ್ಲಿಗಾದರೂ ಹೋಗಬಹುದು, ಕತ್ತಲಾಗುವಷ್ಟರಲ್ಲಿ ಒಳಗಿರಬೇಕು. ಹೊರಗಿನವರು ಬಂದು ಹೋಗಬಹುದು, ಆದರೆ ಬಾಯಿಗೆ ಒಂದಗುಳು ಬಿತ್ತೋ, ಅವರೂ ಊರಿನವರೇ. ಹಬ್ಬ ಕಳೆಯುವ ತನಕ ಇಲ್ಲೇ ಮಲಗಬೇಕು. ಮಿಸ್ಸು ಅದನ್ನು ಚೆನ್ನಾಗಿ ಬಲ್ಲವರು. ಆ ವಾರ ನಂಜನಗೂಡಿನಿಂದಲೇ ಡಬ್ಬಿ ತರುತ್ತಿದ್ದರು, ನೀರನ್ನೂ ತರುತ್ತಿದ್ದರು. ಹೊರಗಿನ ಅನ್ನವನ್ನು ಊರೊಳಗೆ ಕೂತು ಉಂಡರೆ ಯಾವ ಲೆಕ್ಕ ಅಂತ ಅರಳಿಕಟ್ಟೆಯಲ್ಲಿ ಹಿರಿಯರು ಒಂದು ಮಧ್ಯಾಹ್ನವೆಲ್ಲ ಚರ್ಚೆ ಮಾಡಿ, "ಅದು ಓಗ್ಲಿ, ಡಬ್ಬಿ ನಂಜನಗೂಡ್ದು," ಅಂತ ಬಿಟ್ಟಿದ್ದರು.

ಆ ವರ್ಷ ಹಬ್ಬ ಸಾರಿದ ಎರಡನೇ ದಿನ, ಗುರುವಾರ, ನಮ್ಮ ರಿಸಲ್ಟು. ಶಾಲೆಯ ಕೊನೆಯ ದಿನ. ಮಿಸ್ಸು ಮಗಳನ್ನೂ ಕರೆದುಕೊಂಡು ಬಂದಿದ್ದರು. ಭಾನುವಾರಕ್ಕೆ ಐದು ತುಂಬಲಿದ್ದ ಪುಟಾಣಿ. ಎರಡು ಜುಟ್ಟು, ಮೂಗಿನ ಮೇಲೆ ಬೆವರು. ಬಂದವಳೇ ಎಲ್ಲರಿಗೂ ತನ್ನ ಬರ್ತ್‌ಡೇ ಮೆನು ಒಪ್ಪಿಸಿದ್ದಳು. ಕೇಕು, ಬೋಂಡ, ಪೂರಿ, ಕೆಂಪು ಜ್ಯೂಸು. "ನಮ್ಮಪ್ಪ ಅವತ್ತು ಮನೇಲೇ ಇರ್ತಾರೆ. ಫಸ್ಟ್ ಪೀಸ್ ಅಪ್ಪಂಗೆ," ಅಂದಳು. ಅವಳಪ್ಪನಿಗೆ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಕಂತ್ರಾಟು ಕೆಲಸ. ಶಿಫ್ಟು ತಪ್ಪಿಸಿದರೆ ಮಾರನೇ ದಿನ ಗೇಟಿನೊಳಗೆ ಬಿಡುತ್ತಿರಲಿಲ್ಲವಂತೆ. ಆ ಭಾನುವಾರ ಅವರಿಗೆ ರಜ ಸಿಕ್ಕಿತ್ತು.

ಸಂಜೆ ಅರಳಿಕಟ್ಟೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದರು. ನನ್ನ ಕೈಯಲ್ಲಿ ಉಪ್ಪುಖಾರ ಸವರಿದ ಮಾವಿನಕಾಯಿ ಹೋಳಿತ್ತು. ಹುಡುಗಿ ಅದನ್ನೇ ನೋಡಿತು. ಕೊಟ್ಟೆ. ಕಣ್ಣು ಕಿರಿದು ಮಾಡಿ, ಭುಜ ಕುಣಿಸಿ, ತಿಂದೇಬಿಟ್ಟಿತು. ನಾನು ಅಷ್ಟಕ್ಕೆ ಸುಮ್ಮನಿದ್ದರೆ ಈ ಲೇಖನ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಕಟ್ಟೆ ತುಂಬ ಜನ ಕೂತಿದ್ದರು. ಜನ ಕಂಡರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಟವೆಲ್ಲನ್ನು ತಮಟೆಯ ಹಾಗೆ ಹಿಡಿದು, ಅಜ್ಜನ ದನಿ ಎಳೆದೆ: "ಕೇಳ್ರಪ್ಪೋ ಕೇಳಿ... ಮಿಸ್ಸಿನ ಮಗ್ಳು ಊರ್ ಮಾವಿನ್ಕಾಯಿ ತಿಂದವ್ಳೆ... ಊರ್ ಬುಟ್ಟು ಮಲಗಂಗಿಲ್ಲಾ..."

ಎರಡು ಕ್ಷಣ ನಕ್ಕರು. ಆಮೇಲೆ ನಗು ನಿಂತಿತು.

"ನಿಜ್ವಾಗ್ಲೂ ತಿಂತೇನ್ಲಾ ಮಗ?" ಊರ ಯಜಮಾನರು ಕೇಳಿದರು.

ನಾನು ಮಿಸ್ಸಿನ ಮುಖ ನೋಡಿದೆ. ಹುಡುಗಿಯ ಗಲ್ಲದ ಮೇಲೆ ಖಾರದ ಪುಡಿ ಇನ್ನೂ ಅಂಟಿತ್ತು. "ಊಂ," ಅಂದೆ.

ಅಷ್ಟರಲ್ಲಿ ಬಸ್ಸು ಬಂತು. ಮಿಸ್ಸು ಮಗಳ ಕೈ ಹಿಡಿದು ಎದ್ದರು. "ಒಂದು ಹೋಳು ಮಾವಿನಕಾಯಿ ಯಜಮಾನ್ರೇ. ಊಟ ಅಲ್ಲ."

ಯಜಮಾನರು ಕೂತಲ್ಲಿಂದ ಕದಲಲಿಲ್ಲ. "ನಾವೇನ್ ಕೈ ಹಿಡ್ಕಂಡಿಲ್ಲ ಕಣವ್ವ. ಓಗಂಗಿದ್ರೆ ಓಗಿ. ನಾಳೀಕೆ ಮಗೀಗೆ ಮೈ ಬೆಚ್ಚಗಾಯ್ತು ಅಂದ್ರೆ, ಊರೋರು ಒಂದ್ಮಾತ್ ಏಳ್ನಿಲ್ಲ ಅನ್ಬ್ಯಾಡಿ."

ಬೈದಿದ್ದರೆ ಮಿಸ್ಸು ಹೋಗುತ್ತಿದ್ದರೇನೋ. ತಡೆದಿದ್ದರೂ ಹೋಗುತ್ತಿದ್ದರು. ಸೀತಾಳೆ ಸಿಡುಬು ಬರುವುದು ಅಮ್ಮನ ಸಿಟ್ಟಿನಿಂದಲ್ಲ, ರೋಗಾಣುವಿನಿಂದ ಅಂತ ಗೋಡೆಯ ಮೇಲೆ ಚಾರ್ಟು ಬರೆಸಿ ಹಾಕಿದವರು ಅವರೇ. ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟೂ ಆಗಿತ್ತು. ಇಟ್ಟವರು ಮಗಳ ಹಣೆ ಮುಟ್ಟಿ ನೋಡಿದರು. ಏಪ್ರಿಲ್ ತಿಂಗಳ ಬಿಸಿಲಲ್ಲಿ ದಿನವೆಲ್ಲ ಕುಣಿದ ಮಗುವಿನ ಹಣೆ ಹೇಗಿರುತ್ತದೆ? ಬಿಸಿಯಾಗಿತ್ತು. ಕಂಡಕ್ಟರು "ಹತ್ತಿ ಮೇಡಮ್, ಟೈಮಾಯ್ತು," ಅಂದ. ಮಿಸ್ಸು ಇಳಿದರು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಆ ಧೂಳಿನಲ್ಲಿ ಅವರು ಬ್ಯಾಗು ಹಿಡಿದು ನಿಂತದ್ದು... ಅದನ್ನು ಅಣಕಿಸಿ ತೋರಿಸಲು ನನಗೆ ಇವತ್ತಿಗೂ ಬರುವುದಿಲ್ಲ.

ಅಪರಾಧಿಯ ಮನೆಯಲ್ಲೇ ಠಾವು ಕೊಟ್ಟರು. ನಮ್ಮ ನಡುಮನೆ. ಅವ್ವ ನನ್ನ ಬೆನ್ನಿಗೆ ಎರಡು ಬಿಟ್ಟು, ಮಿಸ್ಸಿಗೆ ತನ್ನ ಸೀರೆ ಕೊಟ್ಟಳು. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಮಿಸ್ಸು ಅಲ್ಲಿ ನಿಂತು ಗಂಡನಿಗೆ ಹೇಳಿದ್ದು ಕೆಳಗೆ ನಿಂತ ನನಗೆ ಕೇಳಿಸಿತು. "ಬನ್ನಿ. ಆದ್ರೆ ಏನೂ ತಿನ್ಬೇಡಿ. ನೀವು ಇಲ್ಲಿ ಸಿಕ್ಕಾಕೊಂಡ್ರೆ ಕೆಲ್ಸ ಹೋಗುತ್ತೆ." ಸೋಮವಾರದಿಂದ ಅವರಿಗೆ ರಾತ್ರಿ ಶಿಫ್ಟು. ಹಬ್ಬ ಕಳೆಯುವುದು ಬುಧವಾರ.

ಬೆಳಗಾದರೆ ಹುಡುಗಿ "ಇವತ್ತು ಮನೆಗೆ ಹೋಗಣಾ?" ಅನ್ನುವುದು, ಮಿಸ್ಸು "ನಾಳೆ," ಅನ್ನುವುದು. ಆ ಎರಡು ದಿನ ಅವರು ಸಂಜೆ ಬಸ್ಸಿನ ಹೊತ್ತಿಗೆ ಸರಿಯಾಗಿ ಊರಾಚೆಯ ಗಡಿಕಲ್ಲಿನ ತನಕ ನಡೆದು ಹೋಗಿ, ಬಸ್ಸು ತಿರುಗಿ ಹೋಗುವುದನ್ನು ನೋಡಿ, ವಾಪಸು ಬರುತ್ತಿದ್ದರು. ಸೆಕೆ ಅಂದರೆ ಸೆಕೆ. ಕರೆಂಟಿಲ್ಲ. ಗೋಡೆಯೂ ಬೆವರುವ ಹಾಗಿತ್ತು. ನಮ್ಮ ಮನೆಯ ಒಗ್ಗರಣೆಯಿಲ್ಲದ ಸಪ್ಪೆ ಸಾರನ್ನು ಆ ಮಗು ಒಂದು ತುತ್ತು ಬಾಯಲ್ಲಿಟ್ಟು, ನುಂಗದೆ, ನನ್ನನ್ನೇ ನೋಡುತ್ತಿತ್ತು. ನಾನು ಕಪ್ಪೆಯ ಹಾಗೆ ಕೂಗಿ ತೋರಿಸಿದೆ, ಮೇಕೆಯ ಹಾಗೆ ಕೂಗಿ ತೋರಿಸಿದೆ. ಊಹೂಂ.

ಶನಿವಾರ ಮಿಸ್ಸು ಹಳೇ ನೋಟ್‌ಬುಕ್ಕಿನ ಹಾಳೆ ಹರಿದು, ನಡುಮನೆಯಲ್ಲಿ ಕೂತರು. ಎದುರಿಗೆ ನಮ್ಮಜ್ಜಿ, ಹೈಕೋರ್ಟಿನ ಹಾಗೆ.

"ಬೋಂಡ?" ಮಿಸ್ಸು ಕೇಳಿದರು.

"ಎಣ್ಣೆ. ಬ್ಯಾಡ."

"ಚಿತ್ರಾನ್ನ?"

"ಒಗ್ಗರಣೆ ಇಲ್ದೆ ಅದೆಂಥಾ ಚಿತ್ರಾನ್ನ? ಬ್ಯಾಡ."

"ನರಸೀಪುರದ ಬೇಕರಿಯಿಂದ ಒಂದು ಸಣ್ಣ ಕೇಕು?"

ಅಜ್ಜಿ ಯೋಚಿಸಿದಳು. "ಕೇಕ್ನ ಎಂಗ್ ಮಾಡಾದು?"

"ಪೆಟ್ಟಿಗೇಲಿ ಇಟ್ಟು ಸುಡ್ತಾರಜ್ಜಿ," ಅಂದೆ ನಾನು. ನನ್ನನ್ನು ಯಾರು ಕೇಳಿದ್ದರು?

"ಸುಟ್ಟಿದ್ದಾ? ಅಂಗಾರೆ ಅದೂ ರೊಟ್ಟಿನೇಯ. ಬ್ಯಾಡ."

ಮಿಸ್ಸು ನನ್ನ ಕಡೆ ನೋಡಿದ ನೋಟಕ್ಕೆ ನಾನು ಬಾಗಿಲ ಹಿಂದಕ್ಕೆ ಸರಿದೆ. ಮೇಣದ ಬತ್ತಿಯದೂ ಅದೇ ಗತಿ. ಉರಿಯುವ ದೀಪವನ್ನು ಬಾಯಲ್ಲಿ ಊದಿ ಆರಿಸುವುದೇ, ಅದೂ ಅಮ್ಮನ ವಾರದಲ್ಲಿ, ಅಂತ ಅಜ್ಜಿ ಕೆನ್ನೆ ಬಡಿದುಕೊಂಡಳು. ಹಾಳೆಯ ಮೇಲೆ ಗೀಟಿನ ಮೇಲೆ ಗೀಟು ಬಿತ್ತು. ಕೊನೆಗೆ ಮಿಸ್ಸು ಪೆನ್ನು ಕೆಳಗಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ಕೈ ತೆಗೆದಾಗ ಕಣ್ಣು ಒಣಗಿಯೇ ಇತ್ತು. "ಒಲೆ ಹಚ್ಚೋದೇ ಬೇಡಮ್ಮ," ಅಂದರು ಅವ್ವನಿಗೆ. "ಈ ಸೆಕೇಲಿ ಮಕ್ಕಳಿಗೆ ಬೇಕಾಗಿರೋದು ತಣ್ಣಗಿರೋದು. ನಾಲ್ಕೇ ನಾಲ್ಕು ಮಾಡೋಣ." ಹಾಳೆ ತಿರುಗಿಸಿ ಬರೆದರು. ಒಗ್ಗರಣೆಯಿಲ್ಲದ ಕೋಸಂಬರಿ. ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ. ನಿಂಬೆ ಪಾನಕ. ಕೇಕಿನ ಜಾಗದಲ್ಲಿ ಕಲ್ಲಂಗಡಿ.

ಅಜ್ಜಿಗೆ 'ಬ್ಯಾಡ' ಅನ್ನಲು ಏನೂ ಸಿಗಲಿಲ್ಲ. ಅವಳಿಗೆ ಬೇಜಾರೇ ಆಯಿತು ಅಂತ ನನ್ನ ಅನುಮಾನ.

ಭಾನುವಾರ ಬೆಳಿಗ್ಗೆ ಹುಡುಗಿಯ ಅಪ್ಪ ಹಳೇ ಬೈಕಿನಲ್ಲಿ ಬಂದರು. ಸಣಕಲು ಮನುಷ್ಯ. ಹೊಸ ಫ್ರಾಕು ತಂದಿದ್ದರು. ಅಷ್ಟು ದೂರ ಬಿಸಿಲಲ್ಲಿ ಬಂದವರಿಗೆ ಅವ್ವ ಅಭ್ಯಾಸಬಲದಿಂದ ನೀರಿನ ಚೊಂಬು ತಂದು, ನೆನಪಾಗಿ, ಹಾಗೇ ವಾಪಸು ತೆಗೆದುಕೊಂಡು ಹೋದಳು. ಬೀದಿಯ ಮಕ್ಕಳೆಲ್ಲ ಬಂದೆವು. ಕಲ್ಲಂಗಡಿಯನ್ನು ಅಡ್ಡಕ್ಕೆ ಕತ್ತರಿಸಿ ತಟ್ಟೆಯ ಮೇಲೆ ಬೋರಲು ಹಾಕದೆ, ಕೆಂಪು ಮೇಲಾಗಿ ಇಟ್ಟಿದ್ದರು. ಬತ್ತಿಯ ಬದಲು ಐದು ಹಿಪ್ಪುನೇರಳೆ ಹಣ್ಣು, ನಾನೇ ತೋಟದಿಂದ ಕಿತ್ತು ತಂದದ್ದು. ಹುಡುಗಿ ಅವನ್ನು ಉಫ್ ಅಂತ ಊದಿತು. ಹಣ್ಣು ಆರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಕೋಸಂಬರಿಗೆ ಮಕ್ಕಳು ಮೂರು ಮೂರು ಸಲ ಕೈಯೊಡ್ಡಿದರು. ಕೊತ್ತಂಬರಿ, ನಿಂಬೆ, ಹಸಿ ಬೇಳೆಯ ಆ ವಾಸನೆ ನಡುಮನೆ ತುಂಬಿತ್ತು.

ಅಷ್ಟೂ ಹೊತ್ತು ಅವಳಪ್ಪ ಗೋಡೆಗೊರಗಿ ನಗುತ್ತ ಕೂತಿದ್ದರು. ತುಟಿ ಒಣಗಿ ಬಿಳಿಚಿತ್ತು.

ಹುಡುಗಿ ಕಲ್ಲಂಗಡಿಯ ಮೊದಲ ತುಂಡನ್ನು ಎರಡೂ ಕೈಲಿ ಹಿಡಿದು ಅಪ್ಪನ ಮುಂದೆ ಹೋಗಿ ನಿಂತಿತು. "ಅಪ್ಪ, ಆ..."

ಬಾಗಿಲಲ್ಲಿ ಯಜಮಾನರೂ ನಿಂತಿದ್ದರು. ಅವಳಪ್ಪ ಮಗಳ ಕೈ ನೋಡಿದರು, ಹೆಂಡತಿಯ ಮುಖ ನೋಡಿದರು. ಬಾಯಿ ಅರ್ಧ ತೆರೆದೇ ಇತ್ತು. ತೆರೆದರೆ ಕೆಲಸ, ಮುಚ್ಚಿದರೆ ಮಗಳು. ಹುಡುಗಿಯ ಮೊಣಕೈ ತನಕ ಕೆಂಪು ರಸ ಇಳಿಯುತ್ತಿತ್ತು. "ಆ ಅನ್ನಪ್ಪ," ಅಂತ ಇನ್ನೊಂದು ಸಲ ಹೇಳಿತು. ದನಿ ಆಗಲೇ ಅಳುವಿನ ಅಂಚಿಗೆ ಬಂದಿತ್ತು. ನಾನು ಗಂಟಲಲ್ಲಿ ಹುಡುಕಿದೆ. ಹೆಡ್ ಮಾಸ್ಟರು, ಡೇರಿಯವನು, ಮೇಕೆ... ಆ ಗಳಿಗೆಗೆ ಯಾರ ದನಿಯೂ ಉಪಯೋಗಕ್ಕೆ ಬರುವಂಥದ್ದಲ್ಲ.

ಮಿಸ್ಸು ಎದ್ದು ಒಂದು ಸ್ಟೀಲ್ ಡಬ್ಬಿ ತಂದರು. ಅವರದೇ ಟಿಫಿನ್ ಡಬ್ಬಿ. ಆ ತುಂಡನ್ನು ಅದರಲ್ಲಿಟ್ಟು, ಪಕ್ಕಕ್ಕೆ ಕೋಸಂಬರಿ ಹಾಕಿ, ಮುಚ್ಚಿದರು. ಯಜಮಾನರ ಕಡೆ ತಿರುಗಿ ಕೇಳಿದರು: "ಡಬ್ಬಿ ನಂಜನಗೂಡ್ದು. ಗಡಿಕಲ್ಲಿನ ಆಚೆ ನಿಂತು ತಿಂದ್ರೆ ಊರಲ್ ಉಂಡಂಗಲ್ಲ ಅಲ್ವಾ?"

ಯಜಮಾನರು ತಲೆ ಕೆರೆದುಕೊಂಡರು. ನಮ್ಮಜ್ಜಿಯ ಕಡೆ ನೋಡಿದರು. ಅಜ್ಜಿ ಎಲೆಅಡಿಕೆ ಉಗಿದು ಬಂದು, "ಆಚೆ ಅಂದ್ಮ್ಯಾಕೆ ಆಚೆನೇಯ. ಓಗಿ ಬಿರ್ರನೆ, ಅಣ್ಣು ಬಾಡ್ತದೆ," ಅಂದಳು.

ಇಡೀ ಪಾರ್ಟಿ ಎದ್ದು ಗಡಿಕಲ್ಲಿಗೆ ಹೊರಟಿತು. ನಡು ಮಧ್ಯಾಹ್ನ, ಕಾಲಿಗೆ ಚಪ್ಪಲಿಯಿಲ್ಲದವರು ನೆರಳಿನಿಂದ ನೆರಳಿಗೆ ಹಾರುತ್ತ ಬಂದರು. ಹುಡುಗಿ ನನ್ನ ಹೆಗಲ ಮೇಲೆ. ಅವಳಪ್ಪ ಬೈಕು ತಳ್ಳಿಕೊಂಡು ಕಲ್ಲು ದಾಟಿ, ಇಪ್ಪತ್ತು ಹೆಜ್ಜೆ ಹೋಗಿ, ಸ್ಟ್ಯಾಂಡು ಹಾಕಿ, ನಮ್ಮ ಕಡೆ ತಿರುಗಿ ನಿಂತರು. ಡಬ್ಬಿ ತೆರೆದರು. ಕಲ್ಲಂಗಡಿಯನ್ನು ಬಿಳಿ ಕಾಣುವ ತನಕ ತಿಂದರು. ಕೋಸಂಬರಿಯನ್ನು ಬೊಗಸೆಗೆ ಸುರಿದುಕೊಂಡು ತಿಂದರು. ಆಮೇಲೆ ಒಂದು ಕೈ ಮೇಲಕ್ಕೆತ್ತಿದರು. ನನ್ನ ಹೆಗಲ ಮೇಲಿದ್ದ ಹುಡುಗಿ ಎರಡೂ ಕೈ ಎತ್ತಿ, ನನ್ನ ಕೂದಲಿಗೆಲ್ಲ ರಸ ಮೆತ್ತಿತು.

ಮಿಸ್ಸು ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನನ್ನು ನೋಡದೆ ಹೇಳಿದರು: "ಈಗ ಕೂಗೋ, ಅಜ್ಜನ ದನೀಲಿ. ಅಪ್ಪನ ಊಟ ಆಯ್ತು ಅಂತ ಊರಿಗೆಲ್ಲ ಸಾರು."

ಬಾಯಿ ತೆರೆದೆ. ಅಜ್ಜನ ದನಿ ಬರಲಿಲ್ಲ. ನನ್ನದೇ ಒಂದು ಕೀರಲು ಸ್ವರ ಬಂತು, ಕೋಳಿಮರಿ ತುಳಿದ ಹಾಗೆ. ಆ ವಾರದಲ್ಲಿ ಮಿಸ್ಸು ನಕ್ಕದ್ದು ಅದೊಂದೇ ಸಲ. ಆ ಕಡೆ ಬೈಕು ಸ್ಟಾರ್ಟ್ ಆಯಿತು. ನಗು ಅಲ್ಲಿಗೇ ನಿಂತಿತು. ಬೈಕು ತಿರುವಿನಲ್ಲಿ ಮರೆಯಾದ ಮೇಲೂ ಅವರು ಕಲ್ಲಿನಿಂದ ಕೈ ತೆಗೆಯಲಿಲ್ಲ. ಅದನ್ನು ದಾಟಿ ಮನೆಗೆ ಹೋಗಲು ಅವರಿಗೆ ಇನ್ನೂ ಮೂರು ದಿನ ಇತ್ತು.

ಬುಧವಾರ ಮೊದಲ ಬಸ್ಸಿಗೆ ಹೋದರು. ತಪ್ಪಾಯಿತು ಮಿಸ್ ಅಂತ ಹೇಳಲು ನಾನು ಅರಳಿಕಟ್ಟೆಯ ಹತ್ತಿರ ಹೋಗಿದ್ದೆ. ಹೋಗಿ, ಕಂಡಕ್ಟರನ ವಿಸಿಲ್ ಅಣಕಿಸಿ ಬಂದೆ. ಬೇಸಿಗೆ ರಜ ಕಳೆದು ಶಾಲೆ ತೆರೆದಾಗ ಬೇರೆ ಮೇಷ್ಟರು ಬಂದಿದ್ದರು. ಮಿಸ್ಸು ನಂಜನಗೂಡಿನ ಕಡೆಗೆ ವರ್ಗ ಮಾಡಿಸಿಕೊಂಡಿದ್ದರು. ದೂರ ಆಗುತ್ತಿತ್ತು, ಪಾಪ, ಅಂತ ಊರವರು ಅಂದರು. ನಾನೂ ತಲೆಯಾಡಿಸಿದೆ...

ಹೋದ ವರ್ಷ ಕಳಲೆಯಲ್ಲಿ ಒಂದು ನಾಮಕರಣಕ್ಕೆ ಮೈಕ್ ಹಿಡಿದಿದ್ದೆ. ಸಾರುವಜ್ಜನ ಐಟಂ ಈಗಲೂ ಮಾಡುತ್ತೇನೆ, ಜನ ಬಿದ್ದು ಬಿದ್ದು ನಗುತ್ತಾರೆ. ಮುಗಿಸಿ ಇಳಿದಾಗ ಸೌಂಡ್ ಬಾಕ್ಸಿನ ಪಕ್ಕ ಒಬ್ಬಳು ಹುಡುಗಿ ಕಾಯುತ್ತಿದ್ದಳು. ಕಾಲೇಜು ಓದುವ ವಯಸ್ಸು.

"ಅಣ್ಣ, ಆ ದನಿ ನಂಗೊತ್ತು," ಅಂದಳು. "ಮಾವಿನಕಾಯಿ ಕೊಟ್ಟಿದ್ದು ನೀವೇ ತಾನೆ?"

ಮಿಸ್ಸು ಹೇಗಿದ್ದಾರೆ ಅಂತ ಕೇಳಿದೆ. ಅಮ್ಮ ಹೋಗಿ ಒಂದು ವರ್ಷವಾಯಿತು ಅಂದಳು. ಕಾಯಿಲೆ. ನನ್ನ ಕೈಯಲ್ಲಿದ್ದ ಮೈಕಿನ ವೈರನ್ನು ಸುತ್ತುತ್ತಲೇ ಇದ್ದೆ, ಸುತ್ತಿ ಮುಗಿದ ಮೇಲೂ.

ಅವಳೇ ಮಾತು ಮುಂದುವರಿಸಿದಳು. ಆವತ್ತಿನಿಂದ ಅವರ ಮನೆಯಲ್ಲಿ ಪ್ರತಿ ವರ್ಷ ಅವಳ ಬರ್ತ್‌ಡೇಗೆ ಅದೇ ನಾಲ್ಕು ಐಟಂ. ಒಗ್ಗರಣೆ ಹಾಕಲು ಯಾರ ಅಡ್ಡಿಯೂ ಇರಲಿಲ್ಲ, ಆದರೂ ಅಮ್ಮ ಹಾಕುತ್ತಿರಲಿಲ್ಲವಂತೆ. ಅಪ್ಪ ಡಬ್ಬಿ ತೆಗೆದುಕೊಂಡು ಗೇಟಿನಾಚೆ ಹೋಗಿ, ರಸ್ತೆಯಲ್ಲಿ ನಿಂತು ತಿಂದು, ಕೈ ಎತ್ತುವುದು. ಅಮ್ಮ ಗೇಟಿನ ಒಳಗೆ ನಿಂತು ನಗುವುದು. ಮನೆ ಬದಲಾದರೆ ಗೇಟು ಬದಲಾಗುತ್ತಿತ್ತು, ಅಷ್ಟೇ. "ಈ ವರ್ಷ ಅಪ್ಪ ಮಾಡ್ಲಿಲ್ಲ. ಒಳಗೆ ಯಾರು ನಿಂತ್ಕೋತಾರೆ ಅಂದ್ರು."

"ನನ್ ಬಗ್ಗೆ ಏನಾದ್ರೂ ಅಂತಿದ್ರಾ?" ಕೇಳಿದೆ.

"ಹೆಸರು ಹೇಳ್ತಿರ್ಲಿಲ್ಲ. ಆ ತಲೆಹರಟೆ ಅಂತಿದ್ರು."

ಅವಳು ಅದನ್ನು ಹೇಳಿದ ರೀತಿ... ಜೋರಿಲ್ಲ, ಮೆತ್ತಗಿಲ್ಲ. ಒಂದು ಗಳಿಗೆ ಅವರೇ ಅಂದ ಹಾಗಾಯಿತು. ಆಮೇಲೆ ಎಷ್ಟೋ ಸಲ ಕನ್ನಡಿಯ ಮುಂದೆ ಪ್ರಯತ್ನಿಸಿದ್ದೇನೆ. ಬರುವುದಿಲ್ಲ.

ಅಕ್ಕ ಆಗ ಹಾಸ್ಟೆಲಿನಲ್ಲಿದ್ದಳು, ಇದ್ಯಾವುದನ್ನೂ ಕಂಡವಳಲ್ಲ. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವಳ ಒಗ್ಗರಣೆ ಎಣ್ಣೆ ಹೊಗೆಯಾಡಿತ್ತು. ಅವಳು ಒಲೆ ಆರಿಸಿದಳು. ಭಾನುವಾರಕ್ಕೆ ಅದೇ ನಾಲ್ಕು, ಅಂತ ನಿರ್ಧಾರವಾಯಿತು. "ನಿನ್ ಭಾವ ಒಗ್ಗರಣೆ ಇಲ್ದೆ ತಿನ್ನಲ್ಲ ಕಣ್ಲಾ. ಅವರಿಗೆ ಬೇರೆ ಹಾಕ್ಬೇಕು," ಅಂದಳು. ಮೂಗು ಒರೆಸಿಕೊಳ್ಳುತ್ತ, ಒಂದು ಬಟ್ಟಲು ತುಂಬಿ ನನ್ನ ಕೈಗಿಟ್ಟಳು.

ನಾನು ಬಟ್ಟಲು ಹಿಡಿದು ಹೊರಗೆ ಹೋದೆ. ಗೇಟು ದಾಟಿ, ಬಿಸಿಲಲ್ಲಿ, ರಸ್ತೆಯ ಆ ಕಡೆ ನಿಂತು ತಿಂದೆ. ಪಕ್ಕದ ಮನೆಯವರು ನೋಡಿದರು, ನೋಡಲಿ. ಕಿಟಕಿಯಲ್ಲಿ ಅಕ್ಕನ ಮಗ "ಮಾಮ ಯಾಕಮ್ಮ ಬೀದೀಲಿ ತಿಂತವ್ನೆ?" ಅಂತ ಕೇಳುತ್ತಿದ್ದ. ಬಟ್ಟಲು ಖಾಲಿಯಾದ ಮೇಲೆ ಕೈ ಎತ್ತಿದೆ. ಅವನೂ ಕಿಟಕಿಯ ಸರಳಿನ ನಡುವೆ ಪುಟ್ಟ ಕೈ ಹೊರಗೆ ಹಾಕಿ ಆಡಿಸಿದ. ಗೇಟಿನ ಒಳಗೆ ಯಾರೂ ಇರಲಿಲ್ಲ. ಆ ಕಡೆ ನೋಡಿಕೊಂಡೇ ಹೇಳಿದೆ, ನನ್ನದೇ ದನಿಯಲ್ಲಿ, ಹದಿನೈದು ವರ್ಷ ತಡವಾಗಿ: ತಪ್ಪಾಯ್ತು ಮಿಸ್.